ಈರೋಜು ಎಂಬ ಪದದ ಅರ್ಥ

ನಮ್ಮೂರಿನಲ್ಲಿ ಒಬ್ಬರ ಸವಲತ್ತನ್ನು ಕಿತ್ತುಕೊಳ್ಳುವುದಕ್ಕೆ ಈರೋಜು ಮಾಡುವುದು ಎನ್ನುತ್ತಾರೆ. ಈ ಮಾತು ಬೇರೆ ಯಾವ ಊರಿನಲ್ಲೂ ಇಲ್ಲವೆಂದು ತಿಳಿದಾಗ ನನಗೆ ಐವತ್ತೆರಡು ವರ್ಷ. ಅಷ್ಟರಲ್ಲಿ ಊರಿನ ಅರ್ಧ ಜನರನ್ನು ನಾನು ಕೈಯಾರೆ ಈರೋಜು ಮಾಡಿದ್ದೆ. ಕೈಯಾರೆ ಎಂದರೆ, ಬರೆದು. ಹುಕುಂ ಕೊಡುತ್ತಿದ್ದವರು ಊರಿನ ಆಡಳಿತ ನೋಡಿಕೊಳ್ಳುವ ಪಾರುಪತ್ಯಗಾರರು, ಬಸವಂತಯ್ಯನವರು. ಚಾವಡಿಯ ಗುಮಾಸ್ತನಾದ ನಾನು, ಓಬಳಯ್ಯ, ಅದನ್ನು ನೀಲಿ ಕಾಗದದ ಮೇಲೆ ದುಂಡಗೆ ಬರೆಯುತ್ತಿದ್ದೆ. ಜವಾನ ಒಯ್ದು ಬಾಗಿಲಿಗೆ ಅಂಟಿಸುತ್ತಿದ್ದ. ಅಂಟಿದ ಗಳಿಗೆಯಿಂದ ಆ ಸವಲತ್ತು ಆ ಮನುಷ್ಯನನ್ನು ಬಿಟ್ಟು ಹೋಗುತ್ತಿತ್ತು.

ಗಾಣದ ಹೊನ್ನಪ್ಪನಿಗೆ ನೆರಳು ಈರೋಜಾಗಿತ್ತು. ಅವನು ಹೋಗಿ ಹುಣಸೆಮರದ ಕೆಳಗೆ ನಿಂತರೆ ನೆರಳು ಎರಡು ಮಾರು ಆಚೆಗೆ ಸರಿದುಕೊಳ್ಳುತ್ತಿತ್ತು. ಮೊದಲ ತಿಂಗಳು ಊರೆಲ್ಲ ಅಯ್ಯೋ ಎಂದಿತು. ಎರಡನೆಯ ತಿಂಗಳು ಹಪ್ಪಳ ಒಣಗಿಸುವ ಹೆಂಗಸರು ಅವನನ್ನು ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿಕೊಳ್ಳತೊಡಗಿದರು. ಜವರಯ್ಯ ಮೇಷ್ಟ್ರಿಗೆ ಉಪ್ಪಿನ ರುಚಿ ಈರೋಜಾಗಿತ್ತು. ಅವರಿಗೆ ಕ್ಷಮೆ ಸಿಕ್ಕುವ ಮಾತು ಬಂದಾಗ ಅವರ ಹೆಂಡತಿಯೇ ಚಾವಡಿಗೆ ಬಂದು, ‘ಇನ್ನೊಂದು ವರ್ಷ ಹಿಂಗೇ ಇರ್ಲಿ ಸ್ವಾಮಿ, ಮನೇಲಿ ಈಗ ನೆಮ್ಮದಿಯಾಗಿದೆ’ ಎಂದು ಕೇಳಿಕೊಂಡರು. ಮನುಷ್ಯ ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾನೆ ಎನ್ನುವುದಕ್ಕೆ ನಮ್ಮೂರಿನಷ್ಟು ಒಳ್ಳೆಯ ಪುರಾವೆ ಇನ್ನೆಲ್ಲೂ ಸಿಕ್ಕಲಾರದು. ಹಾಗೆ ಒಗ್ಗಿಕೊಂಡದ್ದೇ ಶಿಕ್ಷೆ ನ್ಯಾಯವಾದದ್ದು ಎನ್ನುವುದಕ್ಕೆ ಪುರಾವೆ ಎಂದು ಬಸವಂತಯ್ಯನವರು ತಿಳಿದಿದ್ದರು.

ನನಗೆ ನನ್ನ ಕೆಲಸದ ಮೇಲೆ ಹೆಮ್ಮೆ ಇತ್ತು. ಸುಳ್ಳೇಕೆ ಹೇಳಲಿ. ನಮ್ಮ ಅಜ್ಜ ಚಾವಡಿಯ ಗುಮಾಸ್ತರಾಗಿದ್ದರು, ಅವರಾದ ಮೇಲೆ ಅಪ್ಪ, ಅಪ್ಪನಾದ ಮೇಲೆ ನಾನು. ಮೂವರದೂ ಒಂದೇ ಅಕ್ಷರ. ಅಜ್ಜನ ಅಕ್ಷರದ ಮೇಲೆ ಅಪ್ಪ ತಿದ್ದಿದರು, ಅಪ್ಪನ ಅಕ್ಷರದ ಮೇಲೆ ನಾನು, ಬೆರಳ ಗಿಣ್ಣಿಗೆ ಏಟು ತಿನ್ನುತ್ತ ತಿದ್ದಿದೆ. ಆ ಅಕ್ಷರದಲ್ಲಿ ಇದ್ದರೆ ಮಾತ್ರ ಕಾಗದ ನಾಟುತ್ತಿತ್ತು. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ ಬೇರೊಬ್ಬರಿಂದ ಬರೆಸಿ, ಶಿಳ್ಳೆ ಹೊಡೆಯುವ ಒಬ್ಬನ ಬಾಗಿಲಿಗೆ ಅಂಟಿಸಿದರು. ಅವನು ಆ ಕಾಗದದ ಎದುರಿಗೇ ನಿಂತು ನಾಲ್ಕು ದಿನ ಶಿಳ್ಳೆ ಹೊಡೆದ. ನಾನು ಎದ್ದು ಬಂದು ಬರೆದ ಮೇಲೆಯೇ ಅವನ ತುಟಿಯಿಂದ ಬರಿಯ ಗಾಳಿ ಬಂದದ್ದು. ಆ ದಿನ ಬಸವಂತಯ್ಯನವರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಹೀಗಿರುವಾಗ ನನ್ನ ಹೆಂಡತಿಯ ಅಕ್ಕ ತಾಯವ್ವನ ಹೆಸರಿಗೆ ಕಾಗದ ಬರೆಯುವ ಸರದಿ ಬಂತು.

ತಾಯವ್ವ ಊರಿನ ಸೂಲಗಿತ್ತಿ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದವಳು. ನಮಗೆ ಮಕ್ಕಳಿಲ್ಲ, ಅವಳ ಕೈಗೆ ಹುಟ್ಟಿದ ಮಕ್ಕಳೇ ಮನೆ ತುಂಬ ಬಂದು ಹೋಗುತ್ತಿದ್ದರು. ಬಸವಂತಯ್ಯನವರ ಸೊಸೆಗೆ ಮೂರನೆಯ ಹೆರಿಗೆ ಮಾಡಿಸಿ, ತಾಯವ್ವ ಮಣೆಯ ಮೇಲೆ ಕೂತು, ಮಡಿಲಲ್ಲಿ ಮಗುವನ್ನು ಇಟ್ಟುಕೊಂಡು ಒರೆಸುತ್ತಿದ್ದಳಂತೆ. ಬಸವಂತಯ್ಯನವರು ಬಾಗಿಲಿಗೆ ಬಂದು, ‘ಮತ್ತೆ ಹೆಣ್ಣೇನಾ?’ ಎಂದರು.

‘ಅದೇನು ನಿಮ್ಮನೇಗೇ ಬರ್ಬೇಕು ಅಂತ ಅರ್ಜಿ ಹಾಕ್ಕೊಂಡಿತ್ತಾ ಸ್ವಾಮಿ? ಬಂದದೆ. ಮೊಕ ನೋಡಿ’ ಎಂದಳಂತೆ ತಾಯವ್ವ, ಕೂತಲ್ಲಿಂದಲೇ.

ಮಾತಿಗೆ ಶಿಕ್ಷೆ ಕೊಟ್ಟರೆ ಮಾತು ಊರಿಗೆಲ್ಲ ತಿಳಿಯುತ್ತದೆ. ಅದಕ್ಕೇ ಬಸವಂತಯ್ಯನವರು, ‘ಪಾರುಪತ್ಯಗಾರರು ಬಂದಾಗ ಎದ್ದು ನಿಲ್ಲದ ತಪ್ಪಿಗೆ ಕೂರುವ ಸವಲತ್ತನ್ನು ಈರೋಜು ಮಾಡಲಾಗಿದೆ’ ಎಂದು ಬರೆಸಿದರು. ನಾನೇ ಬರೆದೆ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಇಷ್ಟು ವರ್ಷದ ಅಭ್ಯಾಸ. ಸಾಯಂಕಾಲ ಮನೆಗೆ ಬಂದಾಗ ಹೆಂಡತಿ ಸಿರಿಯಮ್ಮ ಬಾಗಿಲಲ್ಲಿ ನಿಂತು ನಮ್ಮ ಮನೆಯ ಕದದ ಮೇಲಿನ ಕಾಗದವನ್ನೇ ನೋಡುತ್ತಿದ್ದಳು.

‘ಎಷ್ಟು ಚಂದ ಬರ್ದಿದೀರಿ, ನಮ್ಮಕ್ಕನ ಕಾಗ್ದಾನ’ ಎಂದಳು. ಆಮೇಲೆ ಒಂದು ತಿಂಗಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು.

ತಾಯವ್ವ ಎಲ್ಲಿ ಕೂತರೂ ಕೂತಂತಾಗುತ್ತಿರಲಿಲ್ಲ. ನೀರಿನಲ್ಲಿ ಅದುಮಿದ ಬೆಂಡು ಮೇಲಕ್ಕೆ ಬರುವ ಹಾಗೆ ಅವಳ ಮೈ ತಾನಾಗಿ ಎದ್ದು ನಿಲ್ಲುತ್ತಿತ್ತು. ಮಣೆ, ಜಗಲಿ, ಚಾಪೆ, ಬರಿ ನೆಲ, ಎಲ್ಲವೂ ಒಂದೇ. ಮಲಗಬಹುದಿತ್ತು, ನಿಲ್ಲಬಹುದಿತ್ತು. ಬೆಳಗಿನ ಅಗತ್ಯಕ್ಕೆ ವಿನಾಯಿತಿ ಇತ್ತು. ಚಾವಡಿ ಅಷ್ಟೇನೂ ಕ್ರೂರಿಯಲ್ಲ. ಹೆರಿಗೆ ಮಾಡಿಸುವಾಗ ಮಂಡಿಯೂರಬಹುದೇ ಎಂಬುದರ ಬಗ್ಗೆ ಮೂರು ದಿನ ಚರ್ಚೆಯಾಯಿತು. ಕೊನೆಗೆ, ಕುಕ್ಕುರುಗಾಲು ಕೂರುವುದಕ್ಕೆ ಸೇರುತ್ತದೆ, ಮಂಡಿಯೂರುವುದು ಸೇರುವುದಿಲ್ಲ ಎಂದು ತೀರ್ಮಾನವಾಯಿತು; ಏಕೆಂದರೆ ಚಾವಡಿಯ ಮುಂದೆ ಮಂಡಿಯೂರುವ ಅಗತ್ಯ ಯಾರಿಗಾದರೂ ಯಾವಾಗಲಾದರೂ ಬರಬಹುದಲ್ಲ.

ಊರು ಎಂದಿನಂತೆ ಒಗ್ಗಿಕೊಂಡಿತು. ಮದುವೆಮನೆಗಳಲ್ಲಿ ಅವಳಿಗಾಗಿ ಒಂದು ಪೀಪಾಯಿ ಬೋರಲು ಹಾಕಿ ಅದರ ಮೇಲೆ ಎಲೆ ಇಡುತ್ತಿದ್ದರು. ಬಡಿಸುವವರು ಬಗ್ಗುವ ಕೆಲಸ ತಪ್ಪಿತೆಂದು ಅವಳಿಗೇ ಮೊದಲು ಬಡಿಸುತ್ತಿದ್ದರು. ಆದರೆ ಅವಳಿಗೆ ಐವತ್ತೆಂಟು ವರ್ಷ. ಮೂರನೆಯ ತಿಂಗಳಿಗೆ ಪಾದಗಳು ಬಾತುಕೊಂಡವು. ಐದನೆಯ ತಿಂಗಳಿಗೆ ಮೀನಖಂಡದ ನರಗಳು ಹಗ್ಗದ ಹಾಗೆ ಗಂಟುಗಂಟಾದವು. ಸಿರಿಯಮ್ಮ ದಿನವೂ ಮಧ್ಯಾಹ್ನ ಅಕ್ಕನನ್ನು ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಅಷ್ಟರಲ್ಲಿ ಯಾರಾದರೂ ಹೆರಿಗೆಗೆ ಕರೆಯಲು ಬರುತ್ತಿದ್ದರು. ತಾಯವ್ವ ಎದ್ದು ಹೋಗುತ್ತಿದ್ದಳು.

ಆರನೆಯ ತಿಂಗಳು ಮೇಲಿನ ಕಚೇರಿಯಿಂದ ತನಿಖೆಯವರು ಬಂದರು. ಜಿನದತ್ತಯ್ಯ ಎಂದು ಹೆಸರು. ತೆಳ್ಳಗಿನ, ಮೆತ್ತಗಿನ ಮನುಷ್ಯ. ಕಾಗದಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ಹಲ್ಲುನೋವು ಬಂದವರಂತೆ ಮುಖ ಹಿಂಡುತ್ತಿದ್ದರು. ನನ್ನ ಅಕ್ಷರ ನೋಡಿ ತುಂಬ ಸಂತೋಷಪಟ್ಟರು. ಆಮೇಲೆ ಒಂದು ಪದದ ಮೇಲೆ ಬೆರಳಿಟ್ಟು, ‘ಇದೇನ್ರೀ, ಈರೋಜು?’ ಎಂದರು.

ಬಸವಂತಯ್ಯನವರು ನಕ್ಕರು. ‘ಈರೋಜು ಅಂದ್ರೆ ಈರೋಜು ಸ್ವಾಮಿ.’

‘ನಿಘಂಟಿನಲ್ಲಿ ಇಲ್ಲ.’

‘ನಿಘಂಟಿನಲ್ಲಿ ಎಲ್ಲಾ ಎಲ್ಲಿರುತ್ತೆ.’

‘ಇಲ್ಲದ ಪದದಲ್ಲಿ ಶಿಕ್ಷೆ ಹೇಗೆ ಕೊಡ್ತೀರಿ?’ ಜಿನದತ್ತಯ್ಯನವರು ಸ್ವಲ್ಪವೂ ದನಿ ಏರಿಸಲಿಲ್ಲ. ‘ಹದಿನೈದು ದಿನಕ್ಕೆ ನಾನು ಮತ್ತೆ ಬರ್ತೀನಿ. ಈ ಪದದ ಅರ್ಥ ಏನು, ಇದು ಎಲ್ಲಿಂದ ಹುಟ್ಟಿತು, ಎರಡನ್ನೂ ಬರೆದು ಇಟ್ಟಿರಿ. ಇಲ್ಲದಿದ್ರೆ ಈ ಕಾಗದಗಳೆಲ್ಲ ಅಸಿಂಧು.’

ಊರಿನಲ್ಲಿ ಜಾರಿಯಲ್ಲಿದ್ದ ಕಾಗದಗಳು ಇನ್ನೂರ ಹನ್ನೆರಡು. ಬಸವಂತಯ್ಯನವರ ಮುಖದ ಬಣ್ಣ ಇಳಿದದ್ದನ್ನು ಅಂದೇ ನಾನು ಮೊದಲು ನೋಡಿದ್ದು.

ಮಾರನೆಯ ದಿನ ಊರಿನ ಸಂಸ್ಕೃತ ಪಂಡಿತರನ್ನೂ ಹಳೆಯ ಮುನ್ಷಿಗಳನ್ನೂ ಕರೆಸಿದರು. ಪಂಡಿತರು, ಇದು ವಿರೋಜ ಎಂಬುದರ ತದ್ಭವ, ವಿಶೇಷವಾದ ನೋವು ಎಂದರ್ಥ ಎಂದರು. ಮುನ್ಷಿಗಳು ಅದನ್ನು ಒಪ್ಪದೆ, ಇದು ‘ಈ ರುಜು’ ಎಂಬುದೇ ಸವೆದು ಆದದ್ದು, ಈ ರುಜುವಿನ ಬಲದಿಂದ ಎಂದರ್ಥ ಎಂದರು. ಇಬ್ಬರೂ ಎರಡು ಗಂಟೆ ಜಗಳವಾಡಿ ಎರಡು ಲೋಟ ಕಾಫಿ ಕುಡಿದು ಹೋದರು. ಬಸವಂತಯ್ಯನವರಿಗೆ ಮುನ್ಷಿಗಳ ಮಾತು ಹಿಡಿಸಿತು. ರುಜು ಅವರದೇ ತಾನೇ.

‘ಹಂಗೇ ಬರೀರಿ ಓಬಳಯ್ಯ’ ಎಂದರು. ‘ಆದ್ರೆ ಹಳೇ ಕಡತದಲ್ಲಿ ಎಲ್ಲಾದ್ರೂ ಈ ರುಜು ಅಂತ ಬಿಡಿಸಿ ಬರೆದಿರೋದು ಇದ್ರೆ ಹುಡುಕಿ ತೆಗೀರಿ. ತನಿಖೆಯೋರು ಪುರಾವೆ ಕೇಳೋ ಜಾತಿ.’

ಚಾವಡಿಯ ಅಟ್ಟದಲ್ಲಿ ಹಳೆಯ ಬಟ್ಟೆಯ ಕಡತಗಳಿದ್ದವು. ಮಸಿ ಬಳಿದು, ಮಡಿಕೆ ಮಾಡಿ, ಬಳಪದಲ್ಲಿ ಬರೆದಂಥವು. ನಾನು ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುತ್ತಿದ್ದೆ. ಏಳನೆಯ ದಿನ ಆ ಪದ ಸಿಕ್ಕಿತು. ಅದು ಪದವಾಗಿರಲಿಲ್ಲ. ಒಬ್ಬ ಮನುಷ್ಯನ ಹೆಸರಾಗಿತ್ತು.

ಆಗಿನ ಗುಮಾಸ್ತ ಬರೆದಿದ್ದ: ‘ಈ ದಿವಸ ಕುಂಬಾರ ಮಾಳಿ ಎಂಬುವಳು ಗಡಿಗೆಯ ಹೊರೆ ಇಳಿಸಿ ದಣಿವಿಗೆ ಚಾವಡಿಯ ಹೊಸ ಹಲಗೆಯ ಮೇಲೆ ಕೂತಳಾಗಿ, ಕೂರುವ ಸವಲತ್ತನ್ನು ಅವಳಿಂದ ತೆಗೆಯಲಾಯಿತು. ಹಲಗೆ ಮಾಡಿದ ಬಡಗಿ ಈರೋಜನು ಅಲ್ಲೇ ಇದ್ದವನು ಎದ್ದು, ಹಲಗೆ ಮಾಡಿದ್ದೇ ಕೂರಲಿಕ್ಕೆ, ಅವಳು ಕೂರದ ಮೇಲೆ ನಾನೂ ಕೂರೆನು, ಬಿಟ್ಟೆ, ಎಂದನು. ಎಂದ ಗಳಿಗೆಯಿಂದ ಅವನಿಗೂ ಕೂರಲು ಬಾರದಾಯಿತು.’

ಮಾರನೆಯ ದಿನದ ಬರಹ: ‘ನೇಕಾರ ಸಿದ್ಧಯ್ಯನೂ ಈರೋಜ ಮಾಡಿದನು.’ ಅದರ ಕೆಳಗೆ: ‘ಗಾಣಿಗರ ಚಿಕ್ಕತಾಯಿಯೂ ಈರೋಜ ಮಾಡಿದಳು.’ ಆಮೇಲೆ ದಿನಕ್ಕೆ ಐದು, ಏಳು, ಹತ್ತು. ನೇಕಾರ ಮಗ್ಗದ ಮುಂದೆ ಕೂರುವಂತಿಲ್ಲ, ಕುಂಬಾರ ತಿಗರಿಯ ಮುಂದೆ ಕೂರುವಂತಿಲ್ಲ, ಚಮ್ಮಾರ ಕೂರುವಂತಿಲ್ಲ. ಊರಿನ ಕೆಲಸವೆಲ್ಲ ನಿಂತಿತು, ನಿಂತವರ ಕೈಯಲ್ಲಿ. ಒಂಬತ್ತನೆಯ ದಿನ ಹೀಗಿತ್ತು: ‘ಇದುವರೆಗೆ ನಲವತ್ತಮೂರು ಮಂದಿ ಈರೋಜ ಮಾಡಿದ್ದಾರೆ. ನಾಳೆ ಚಾವಡಿಯ ಅಡಿಗೆಯವನೂ ಮಾಡುವನೆಂದು ತಿಳಿದುಬಂದದ್ದರಿಂದ, ಮಾಳಿಯ ಸವಲತ್ತನ್ನು ಅವಳಿಗೆ ವಾಪಸು ಮಾಡಲಾಯಿತು. ಅವಳು ಕೂತಳು.’

ನಾನು ಅಟ್ಟದ ಕಿಟಕಿಯ ಬಳಿ ಆ ಬಟ್ಟೆಯನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಈರೋಜ ಮಾಡುವುದು ಎಂದರೆ ಈರೋಜ ಮಾಡಿದಂತೆ ಮಾಡುವುದು. ಇನ್ನೊಬ್ಬರಿಂದ ಕಿತ್ತುಕೊಳ್ಳುವುದಲ್ಲ. ಇನ್ನೊಬ್ಬರಿಂದ ಕಿತ್ತುಕೊಂಡದ್ದನ್ನು ತಾನೂ ಬಿಟ್ಟು ಪಕ್ಕದಲ್ಲಿ ನಿಲ್ಲುವುದು. ಹಾಗಾದರೆ ಇದು ಹೇಗೆ ತಲೆಕೆಳಗಾಯಿತು ಎಂದು ಮುಂದಿನ ಕಡತಗಳನ್ನೆಲ್ಲ ತಿರುವಿದೆ. ಮೂವತ್ತು ವರ್ಷ ಆ ಮಾತು ಹಾಗೇ ನಡೆದುಬಂದಿತ್ತು; ಹೆಸರಿನ ಕೊನೆ ಸವೆದು ಈರೋಜು ಆಗಿತ್ತು, ಅಷ್ಟೆ. ಆಮೇಲೆ ಬಟ್ಟೆ ಹೋಗಿ ಕಾಗದ ಬಂದ ಮೊದಲ ವರ್ಷದಲ್ಲಿ, ಮೊದಲ ಸಲ, ‘ಅವನನ್ನು ಈರೋಜು ಮಾಡಲಾಯಿತು’ ಎಂದಿತ್ತು. ‘ಅನ್ನು’ ಎಂಬ ಒಂದು ಪ್ರತ್ಯಯ. ಗುಮಾಸ್ತನಿಗೆ ಅವಸರವಿತ್ತೋ, ಆಗಿನ ಪಾರುಪತ್ಯಗಾರರು ಬೇಕೆಂದೇ ಹೇಳಿ ಬರೆಸಿದರೋ ತಿಳಿಯದು. ಅಕ್ಷರ ಮಾತ್ರ ದುಂಡಗೆ, ಮುತ್ತು ಪೋಣಿಸಿದಂತೆ ಇತ್ತು. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರ ಮೇಲೆಯೇ ನಮ್ಮಪ್ಪ ತಿದ್ದಿದ್ದು.

ಅಂದು ಮಧ್ಯಾಹ್ನ ಮನೆಗೆ ಹೋದೆ. ತಾಯವ್ವ ಹಿತ್ತಲ ಬಾಗಿಲಿಗೆ ಒರಗಿ ನಿಂತು ಸೊಪ್ಪು ಸೋಸುತ್ತಿದ್ದಳು. ನಾನು ಕಂಡದ್ದನ್ನೆಲ್ಲ ಹೇಳಿದೆ, ನಮ್ಮಜ್ಜನ ವಿಷಯವನ್ನೂ ಬಿಡಲಿಲ್ಲ. ಅವಳು ಕೇಳಿಸಿಕೊಂಡು, ‘ಆಮ್ಯಾಕೆ ಆ ಬಡಗಿ ಕೂತ್ಕಂಡ್ನಾ?’ ಎಂದಳು.

‘ಅದು ನೋಡಲಿಲ್ಲ ಅತ್ತಿಗೆ.’

‘ನೋಡ್ಕಂಬಂದು ಹೇಳಿ. ನಂಗೆ ಬೇಕಾಗಿರೋದು ಅದೊಂದೇಯ.’

ಮಾರನೆಯ ದಿನ ನೋಡಿದೆ. ಹನ್ನೊಂದು ವರ್ಷದ ನಂತರದ ಕಡತದಲ್ಲಿ, ಬಡಗಿ ಈರೋಜನು ಗೋಡೆಗೆ ಒರಗಿ ನಿಂತಂತೆಯೇ ತೀರಿಕೊಂಡನು ಎಂದಿತ್ತು. ಚಾವಡಿ ತೆಗೆದದ್ದನ್ನು ಚಾವಡಿ ವಾಪಸು ಮಾಡಬಹುದು. ಕಾಗದ ಹರಿದರೆ ಆಯಿತು. ತಾನಾಗಿ ಬಿಟ್ಟದ್ದಕ್ಕೆ ಹರಿಯಲು ಕಾಗದವೇ ಇಲ್ಲ. ನಲವತ್ತಮೂರು ಮಂದಿಯಲ್ಲಿ ಒಬ್ಬರೂ ಮತ್ತೆ ಕೂರಲಿಲ್ಲ. ಹಳೇಪೇಟೆಯ ಬೀದಿಯಲ್ಲಿ ಜಗಲಿಗಳು ಎದೆಯೆತ್ತರಕ್ಕೆ ಏಕಿವೆ ಎಂದು ನಾನು ಚಿಕ್ಕಂದಿನಿಂದ ಯೋಚಿಸುತ್ತಿದ್ದೆ. ಪ್ರವಾಹಕ್ಕೆ ಹೆದರಿ ಕಟ್ಟಿದ್ದು ಎಂದು ಹೇಳುತ್ತಿದ್ದರು. ನಮ್ಮೂರಿಗೆ ನದಿಯೇ ಇಲ್ಲ.

ತಾಯವ್ವನಿಗೆ ಇದನ್ನು ಹೇಳಿದಾಗ ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ದನಿ ತಗ್ಗಿಸಿ, ‘ಇದ್ನ ಯಾರ್ಗೂ ಹೇಳ್ಬ್ಯಾಡಿ. ನಮ್ ಸಿರಿ ಕಿವಿಗಂತೂ ಬೀಳ್ಬಾರ್ದು. ಅವ್ಳು ನಿಂತ್ಕಬುಡ್ತಾಳೆ’ ಎಂದಳು.

‘ಬಿದ್ದಾಯ್ತು’ ಎಂದಳು ಸಿರಿಯಮ್ಮ ಒಳಗಿನಿಂದ.

ಅವಳು ಕೈಯೊರೆಸಿಕೊಂಡು ಹೊರಗೆ ಬಂದಳು. ನನ್ನ ಹೆಂಡತಿ ಜೋರಾಗಿ ಮಾತಾಡುವವಳಲ್ಲ. ‘ತನಿಖೆಯೋರು ಬರೋದು ಯಾವತ್ತು?’ ಎಂದು ಕೇಳಿದಳು.

‘ಇನ್ನೇಳು ದಿನಕ್ಕೆ.’

‘ಅವರು ಬಂದು ಹೋಗೋ ಹೊತ್ಗೆ ಅಕ್ಕನ ಕಾಗ್ದ ಬಾಗ್ಲಿಂದ ಇಳೀಬೇಕು. ಇಳೀದಿದ್ರೆ ನಾನು ಚಾವಡಿಗೆ ಬಂದು ಕೂರೋದನ್ನ ಬಿಡ್ತೀನಿ. ಎಷ್ಟು ಜನಕ್ಕೆ ಬಗ್ಗುತ್ತೋ ನೋಡೋಣ ನಿಮ್ಮ ಚಾವಡಿ.’

‘ಮುಚ್ಚೇ ಬಾಯಿ’ ಎಂದಳು ತಾಯವ್ವ. ‘ನಿಂಗೆ ಸೊಂಟ ನೋವು.’

‘ನಿಂಗೆ ಕಾಲು ನೋವಿಲ್ವಾ?’

ಅಕ್ಕತಂಗಿಯರು ಆಮೇಲೆ ಎರಡು ದಿನ ಮಾತು ಬಿಟ್ಟರು. ನಾನು ಆ ಏಳು ದಿನಗಳಲ್ಲಿ ಎರಡು ಬರಹ ಬರೆದೆ. ಒಂದು, ಈ ರುಜು. ಇನ್ನೊಂದು, ಈರೋಜ. ನಿಜ ಹೇಳಬೇಕೆಂದರೆ ಧೈರ್ಯವಂತನಾಗಿ ಎರಡನೆಯದನ್ನು ಬರೆದವನಲ್ಲ ನಾನು. ಹೆಂಡತಿ ಜೀವಮಾನವಿಡೀ ನಿಂತಿರುವುದನ್ನು ನೋಡುವ ಭಯ ಬಸವಂತಯ್ಯನವರ ಭಯಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿತ್ತು.

ತನಿಖೆಯವರು ಬಂದರು. ಬಸವಂತಯ್ಯನವರು ಹೊಸ ರುಮಾಲು ಸುತ್ತಿದ್ದರು. ನಾನು ಎರಡನೆಯ ಬರಹವನ್ನು ಜಿನದತ್ತಯ್ಯನವರ ಕೈಗೆ ಕೊಟ್ಟೆ, ಜೊತೆಗೆ ಆ ಕಡತವನ್ನೂ. ಅವರು ಓದತೊಡಗಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಬಸವಂತಯ್ಯನವರ ಮುಖವೂ ಅರಳಿತು. ಓದುತ್ತಿರುವುದು ತಮ್ಮ ರುಜುವಿನ ವಿಷಯವೆಂದೇ ಅವರು ತಿಳಿದಿದ್ದರು.

‘ಅದ್ಭುತ!’ ಎಂದರು ಜಿನದತ್ತಯ್ಯನವರು. ‘ಇದು ಅಕರ್ಮಕ ಕ್ರಿಯಾಪದ!’

‘ಹೌದು ಸ್ವಾಮಿ’ ಎಂದರು ಬಸವಂತಯ್ಯನವರು.

‘ಅಂದರೆ, ಓಡುವುದು, ನಗುವುದು, ಸಾಯುವುದು ಇದ್ದ ಹಾಗೆ. ಅವನನ್ನು ನಕ್ಕರು ಅಂತ ಯಾರಾದರೂ ಬರೀತಾರಾ? ಅವಳನ್ನು ಸತ್ತರು ಅಂತ ಬರೀತಾರಾ? ನೀವು ಇಷ್ಟು ವರ್ಷ ಬರೆದಿದ್ದೀರಲ್ರೀ! ಇದು ತನಗೆ ತಾನು ಮಾಡಿಕೊಳ್ಳೋ ಕೆಲಸ. ಒಬ್ಬರು ಇನ್ನೊಬ್ಬರನ್ನು ಈರೋಜು ಮಾಡುವುದಕ್ಕೆ ಬರುವುದೇ ಇಲ್ಲ.’ ಅವರು ಕನ್ನಡಕ ತೆಗೆದು ಒರೆಸಿದರು. ಕಣ್ಣು ಒದ್ದೆಯಾಗಿತ್ತು. ನಲವತ್ತಮೂರು ಮಂದಿಗಾಗಿ ಎಂದುಕೊಂಡೆ, ವ್ಯಾಕರಣಕ್ಕಾಗಿಯೂ ಇರಬಹುದು. ‘ಎಲ್ಲಾ ಕಾಗದಗಳನ್ನೂ ಇವತ್ತೇ ಕೀಳಿಸಿ.’

ಬಸವಂತಯ್ಯನವರು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ‘ಹಾಗಾದ್ರೆ ಇವರೆಲ್ಲಾ ತಪ್ಪು ಮಾಡೇ ಇಲ್ವಾ ಸ್ವಾಮಿ? ಶಿಕ್ಷೆ ಬೇಡ್ವಾ?’ ಎಂದರು.

‘ಅಯ್ಯೋ, ಶಿಕ್ಷೆಯ ಬಗ್ಗೆ ನನ್ನ ತಕರಾರೇನಿಲ್ಲ’ ಎಂದರು ಜಿನದತ್ತಯ್ಯನವರು. ‘ರದ್ದು ಅಂತ ಒಳ್ಳೇ ಪದ ಇದೆ. ಸಕರ್ಮಕ. ಅದನ್ನ ಹಾಕಿ ಮತ್ತೆ ಬರೆಸಿ.’

ಪಾಪ, ಅವರು ಕೆಟ್ಟ ಮನುಷ್ಯರಲ್ಲ. ಹೋಗುವಾಗ ನನ್ನ ಕೈ ಕುಲುಕಿ, ಇಂಥ ವ್ಯುತ್ಪತ್ತಿ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ ಎಂದರು.

ಆ ಮಧ್ಯಾಹ್ನ ಜವಾನ ಬೀದಿ ಬೀದಿ ಸುತ್ತಿ ಕಾಗದ ಕಿತ್ತ. ಹೊನ್ನಪ್ಪ ಹುಣಸೆಮರದ ಕೆಳಗೆ ಅಂಗಾತ ಮಲಗಿ ಅತ್ತನಂತೆ. ಜವರಯ್ಯ ಮೇಷ್ಟ್ರು ಹುಳಿಯನ್ನು ಬಾಯಿಗಿಟ್ಟು, ‘ಏನೇ ಇದು, ಸಮುದ್ರ!’ ಎಂದು ಕೂಗಿದ್ದು ಮೂರು ಮನೆ ಆಚೆಗೆ ಕೇಳಿಸಿತು. ನಾನು ಮನೆ ಸೇರುವ ಹೊತ್ತಿಗೆ ತಾಯವ್ವ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ಕಾಲನ್ನೂ ಮುಂದಕ್ಕೆ ಚಾಚಿದ್ದಳು. ಕೂತವಳು ಏನೂ ಮಾಡುತ್ತಿರಲಿಲ್ಲ, ಬರಿದೆ ಕೂತಿದ್ದಳು. ಪಕ್ಕದಲ್ಲಿ ಸಿರಿಯಮ್ಮ ಅವಳ ಭುಜಕ್ಕೆ ತಲೆ ಇಟ್ಟುಕೊಂಡು ಕೂತಿದ್ದಳು. ನಾನು ಅವರನ್ನು ದಾಟಿ ಒಳಗೆ ಹೋದೆ. ರದ್ದು ಎಂಬ ಪದದ ವಿಷಯ ಅವರಿಗೆ ಹೇಗೆ ಹೇಳಲಿ? ಊಟದ ಹೊತ್ತಿಗೆ ಹೇಳಿದೆ. ಸಿರಿಯಮ್ಮ ತುತ್ತನ್ನು ತಟ್ಟೆಗೆ ಹಾಕಿದಳು. ‘ನಾಳೆ ನಾನೂ ಬರ್ತೀನಿ ನಿಮ್ಮ ಜೊತೆ’ ಎಂದಳು.

ಬೇಡವೆಂದು ಹೇಳಿದೆ, ತಾಯವ್ವ ಬೈದಳು, ಫಲವಾಗಲಿಲ್ಲ. ಬೆಳಿಗ್ಗೆ ನನ್ನ ಹಿಂದೆಯೇ ಬಂದು ಚಾವಡಿಯ ಬಾಗಿಲಲ್ಲಿ ನಿಂತಳು. ನನ್ನ ಮೇಜಿನ ಮೇಲೆ ನೀಲಿ ಕಾಗದದ ಹೊಸ ಕಟ್ಟು ಇತ್ತು. ಬಸವಂತಯ್ಯನವರು ನನ್ನನ್ನು ಬೈಯಲಿಲ್ಲ. ಇನ್ನೂರ ಹನ್ನೆರಡು ಕಾಗದ ಬರೆಯುವವರೆಗೆ ನಾನು ಅವರಿಗೆ ಬೇಕಾಗಿದ್ದೆ.

‘ಮೊದಲು ಸೂಲಗಿತ್ತಿದು’ ಎಂದರು.

ನಾನು ಕೂತೆ. ಲೇಖನಿಯನ್ನು ಮಸಿಯಲ್ಲಿ ಅದ್ದಿದೆ. ತಾಯವ್ವನ ಹೆಸರು ಬರೆದೆ. ಊರಿನ ಹೆಸರು ಬರೆದೆ. ತಪ್ಪು ಬರೆದೆ. ಕೂರುವ ಸವಲತ್ತನ್ನು ಎಂಬಲ್ಲಿಗೆ ಬಂದಾಗ ತಲೆಯೆತ್ತಿದೆ. ಸಿರಿಯಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಅವಳ ತುಟಿ ಬೇರ್ಪಟ್ಟದ್ದು ಕಂಡಿತು.

‘ಬಿಟ್ಟೆ’ ಎಂದೆ ನಾನು.

ಬಸವಂತಯ್ಯನವರು ತಿರುಗಿದರು. ‘ಏನು?’

‘ಬರೆಯೋದನ್ನ ಬಿಟ್ಟೆ ಸ್ವಾಮಿ.’

ಅದು ಅಷ್ಟು ಬೇಗ ಹೋಗುತ್ತದೆಂದು ನಾನು ತಿಳಿದಿರಲಿಲ್ಲ. ಲೇಖನಿಯ ತುದಿಯ ಮಸಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಕಾಗದದ ಮೇಲೆ ಉರುಳಿ ಮೇಜಿನಿಂದ ಕೆಳಗೆ ಬಿತ್ತು. ಇನ್ನೊಮ್ಮೆ ಅದ್ದಿ ಎಳೆದೆ. ಗೆರೆ ಮೂಡಲಿಲ್ಲ. ಬಸವಂತಯ್ಯನವರು ಲೇಖನಿ ಕಿತ್ತುಕೊಂಡು ತಾವೇ ಎಳೆದರು. ದಪ್ಪಗೆ ಗೆರೆ ಮೂಡಿತು. ನನ್ನ ಕೈಗೆ ಕೊಟ್ಟರು, ಮೂಡಲಿಲ್ಲ. ಅವರ ಕತ್ತಿನ ನರ ಉಬ್ಬಿತು.

‘ಚಾವಡಿ ಅನ್ನ ತಿಂದು ಚಾವಡಿಗೇ ದ್ರೋಹ ಮಾಡ್ತೀಯೇನೋ! ನಿನ್ನನ್ನ ಈರೋಜು ಮಾಡ್ತೀನಿ! ಉಪ್ಪು, ನೆರಳು, ನಿದ್ದೆ, ಎಲ್ಲಾ ಮಾಡ್ತೀನಿ! ಯಾರಲ್ಲಿ, ಬರ್ಕೊಳ್ರೋ!’

ಜವಾನ ಅತ್ತಿತ್ತ ನೋಡಿದ. ಬರೆದುಕೊಳ್ಳುವವನು ನಾನೇ ಆಗಿದ್ದೆ. ಸಿರಿಯಮ್ಮ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಬೀದಿಯಲ್ಲಿ ಅರ್ಧ ದಾರಿಗೆ ಬಂದಾಗ ಅವಳು, ‘ನಾನು ಹೇಳೋಕ್ಮುಂಚೆ ಯಾಕೆ ಹೇಳುದ್ರಿ?’ ಎಂದಳು. ಅವಳ ದನಿಯಲ್ಲಿ ಕೋಪವಿತ್ತು. ಕೈ ಮಾತ್ರ ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ನನಗೆ ಏನಾಯಿತೆಂದು ಸುಲಭವಾಗಿ ಹೇಳಲಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಒಲೆಯ ಬೂದಿ ಹರಡಿ ಬೆರಳಿನಿಂದ ಓ ಎಂದು ತಿದ್ದಿದೆ. ಬೂದಿ ಮತ್ತೆ ಕೂಡಿಕೊಂಡಿತು. ಮೂರು ತಲೆಮಾರು ಬೆರಳು ಮುರಿದುಕೊಂಡು ಕಲಿತ ಅಕ್ಷರ. ನನ್ನಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಅದರಿಂದ ಮಾಡಿದ್ದೇನೆಂದು ಗೊತ್ತಿದ್ದರೂ, ಅದು ಹೋದಾಗ ಅಳು ಬಂತು. ಅಷ್ಟರಲ್ಲಿ ಮನೆಗೆ ಬಂದ ತಾಯವ್ವ ನೋಡಿದಳು. ಒಂದು ಲೋಟ ಮಜ್ಜಿಗೆ ತಂದಿಟ್ಟು ಎದುರಿಗೆ ಕೂತಳು.

ಬಸವಂತಯ್ಯನವರು ಹೊಸ ಗುಮಾಸ್ತ ಬೇಕೆಂದು ಡಂಗುರ ಹೊಡೆಸಿದರು. ನಮ್ಮಜ್ಜನ ಅಕ್ಷರದ ಮೇಲೆ ತಿದ್ದಿದವರಿಗೆ ಆದ್ಯತೆ. ಅದಾದ ಮೇಲೆ ನಮ್ಮೂರ ಶಾಲೆಯಲ್ಲಿ ಒಂದು ವಿಚಿತ್ರ ಕಂಡಿತು. ಮಕ್ಕಳ ಅಕ್ಷರ ಕೆಡತೊಡಗಿತು. ದುಂಡಗೆ ಬರೆದ ಮಗುವನ್ನು ತಾಯಿ ಗದರಿಸುತ್ತಿದ್ದಳು. ಕೋಳಿ ಕೆದಕಿದಂತೆ ಬರೆದ ಮಗುವಿಗೆ ಬೆಲ್ಲ ಸಿಕ್ಕುತ್ತಿತ್ತು. ಜವರಯ್ಯ ಮೇಷ್ಟ್ರು ತಾವೇ ಹಲಗೆಯ ಮೇಲೆ ಸೊಟ್ಟಗೆ ಬರೆದು ತೋರಿಸುತ್ತಿದ್ದರು. ಈಗ ನಾಲ್ಕು ವರ್ಷವಾಯಿತು. ಗುಮಾಸ್ತನ ಜಾಗ ಇನ್ನೂ ಖಾಲಿ ಇದೆ. ನೀಲಿ ಕಾಗದದ ಕಟ್ಟಿಗೆ ಗೆದ್ದಲು ಹಿಡಿದಿದೆ ಎಂದು ಜವಾನ ಹೇಳುತ್ತಾನೆ. ಹಪ್ಪಳದ ಹೆಂಗಸರಿಗೆ ಮಾತ್ರ ಹೊನ್ನಪ್ಪನ ಮೇಲೆ ಈಗಲೂ ಮುನಿಸಿದೆ.

ನಾನು ತಾಯವ್ವನ ಚೀಲ ಹೊತ್ತುಕೊಂಡು ಹೆರಿಗೆ ಮನೆಗಳಿಗೆ ಹೋಗುತ್ತೇನೆ. ಜಗಲಿಯಲ್ಲಿ ಕಾಯುತ್ತೇನೆ. ಮಗು ಹುಟ್ಟಿದ ಗಳಿಗೆಯನ್ನು ಬರೆದುಕೊಳ್ಳಲಾರೆನಾದ್ದರಿಂದ ನೆನಪಿಟ್ಟುಕೊಳ್ಳುತ್ತೇನೆ. ಜಾತಕ ಬರೆಸುವವರು ನನ್ನ ಹತ್ತಿರ ಬಂದು ಕೇಳುತ್ತಾರೆ. ಒಂದೆರಡು ಸಲ ಗಳಿಗೆ ತಪ್ಪಿ ಹೇಳಿದ್ದೇನೆ. ಆ ಮಕ್ಕಳಿಗೆ ಒಳ್ಳೆಯ ಜಾತಕ ಬಂತಂತೆ.

ಈರೋಜು ಎಂಬ ಪದದ ಅರ್ಥ ಯಾರಿಗೂ ಮರೆತುಹೋಗಬಾರದೆಂದು ಇದನ್ನು ಹೇಳಿ ಬರೆಸಿದೆ. ಬರೆದುಕೊಂಡವಳು ಸಿರಿಯಮ್ಮ. ಮುಗಿದ ಮೇಲೆ ಹಾಳೆಗಳನ್ನು ತೆಗೆದುಕೊಂಡು ಓದಿದೆ. ಅವಳ ಅಕ್ಷರ ಇರುವೆ ಸಾಲು ಚೆದುರಿದಂತಿದೆ. ನಾನು ಅಜ್ಜನ ವಿಷಯದಲ್ಲಿ ಸ್ವಲ್ಪ ಮೆತ್ತಗೆ ಹೇಳಿದ್ದನ್ನು ಅವಳು ಮೆತ್ತಗೆ ಬರೆದಿಲ್ಲ. ನಾನು ಅತ್ತದ್ದನ್ನು ಹೇಳೇ ಇರಲಿಲ್ಲ, ಅದನ್ನೂ ಸೇರಿಸಿದ್ದಾಳೆ.

‘ಇದನ್ನ ತೆಗಿ’ ಎಂದೆ.

‘ನೀವೇ ತಿದ್ಕೊಳಿ’ ಎಂದು ಲೇಖನಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.